ಎಕ್ಕದ ಫ್ಲಷ್ ಕೈಬಿಟ್ಟಿದ್ದು ತಪ್ಪಾ? ಸಂಪಾದಕರ ಉತ್ತರ

ಹುಬ್ಬಳ್ಳಿಯಿಂದ ಪತ್ರ ಬರೆದಿರೋ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಮೂರು ಪುಟ ಇದೆ, ಬೇರೆಯವರಿಗೂ ವಿಷಯ ಗೊತ್ತಾಗ್ಲಿ ಅಂತ ಮೊದ್ಲು ಚಿಕ್ಕದಾಗಿ ಹೇಳ್ಬಿಡ್ತೀನಿ. ನೀವು ಗೆಳೆಯರ ಜೊತೆ ಪಣಜಿಗೆ ಹೋಗಿದ್ರಿ, ಮಾಂಡೋವಿ ನದಿಯ ಕ್ಯಾಸಿನೊ ಹಡಗಲ್ಲಿ 100-200 ಬ್ಲೈಂಡ್‌ನ ಹೋಲ್ಡೆಮ್ ಪೋಕರ್ ಟೇಬಲ್‌ಗೆ ಕೂತ್ರಿ (ಬ್ಲೈಂಡ್ ಅಂದ್ರೆ ಎಲೆ ನೋಡೋಕೆ ಮುಂಚೆ ಇಬ್ಬರು ಹಾಕಲೇಬೇಕಾದ ದುಡ್ಡು, ಒಬ್ರು 100, ಬಿಗ್ ಬ್ಲೈಂಡ್‌ನೋರು 200). ಹೋಲ್ಡೆಮ್‌ನಲ್ಲಿ ಒಬ್ಬೊಬ್ಬರ ಕೈಗೆ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ, ಅದನ್ನೇ ಬೋರ್ಡ್ ಅನ್ನೋದು. ನಿಮ್ಮ ಕೈಗೆ ಬಂದಿದ್ದು ಆಟೀನ್ ಎಕ್ಕ, ಆಟೀನ್ ಜಾಕಿ. ನೀವು 600ಕ್ಕೆ ಏರಿಸಿದ್ರಿ, ಬಿಗ್ ಬ್ಲೈಂಡ್‌ನಲ್ಲಿದ್ದ ಹಿರಿಯರೊಬ್ಬರು ಮಾತ್ರ ಕಾಲ್ ಮಾಡಿದ್ರು, ಅಂದ್ರೆ ಅಷ್ಟೇ ದುಡ್ಡು ಹಾಕಿದ್ರು. ಫ್ಲಾಪ್, ಅಂದ್ರೆ ಬೋರ್ಡ್‌ನ ಮೊದಲ ಮೂರು ಎಲೆ, ಆಟೀನ್ ರಾಣಿ, ಆಟೀನ್ ಎಂಟು, ಕಳಾವರ್ ಐದು. ನೀವು 800 ಹಾಕಿದ್ರಿ, ಅವರು ಕಾಲ್. ಟರ್ನ್ (ನಾಲ್ಕನೇ ಎಲೆ) ಆಟೀನ್ ಮೂರು, ನಿಮ್ಮ ಫ್ಲಷ್ (ಒಂದೇ ಗುರುತಿನ ಐದು ಎಲೆ) ಆಯ್ತು, ಅದೂ ಎಕ್ಕದ್ದು, ಅದಕ್ಕಿಂತ ದೊಡ್ಡ ಫ್ಲಷ್ ಇಲ್ವೇ ಇಲ್ಲ. 2000 ಹಾಕಿದ್ರಿ, ಮತ್ತೆ ಕಾಲ್. ರಿವರ್‌ಗೆ (ಕೊನೆಯ ಎಲೆ) ಇಸ್ಪೀಟ್ ಎಂಟು ಬಿತ್ತು. ಅವರು ಏನೂ ಹಾಕದೆ ಚೆಕ್ ಮಾಡಿದ್ರು, ನೀವು 4000 ಹಾಕಿದ್ರಿ, ಆಗ ಅವರು ಇದ್ದ 14,000ವನ್ನೂ ಮುಂದೆ ತಳ್ಳಿದ್ರು, ಅದೇ ಆಲ್-ಇನ್. ನೀವು ಎರಡು ನಿಮಿಷ ಯೋಚ್ನೆ ಮಾಡಿ ಎಲೆ ಬಿಸಾಕಿದ್ರಿ. ಅವರು ತಮ್ಮ ಎಲೆ ತೋರಿಸ್ಲಿಲ್ಲ. ವಾಪಸ್ ಬರೋವಾಗ ದಾರಿಯುದ್ದಕ್ಕೂ ಗೆಳೆಯರು "ಎಕ್ಕದ ಫ್ಲಷ್ ಯಾರಾದ್ರೂ ಬಿಡ್ತಾರೇನೋ" ಅಂತ ಆಡಿಕೊಂಡ್ರು, ಒಂದು ತಿಂಗಳಾದ್ರೂ ನಿಮಗೆ ಅದೇ ಕೊರೀತಾ ಇದೆ.

ನೀವು ಮಾಡಿದ್ದು ಸರಿ. ಯಾಕೆ ಸರಿ ಅನ್ನೋದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಕಾರಣ ಗೊತ್ತಿಲ್ದೆ "ಸರಿ" ಅಂತ ಯಾರೋ ಹೇಳಿದ್ರೆ ನಿಮ್ಮ ಕೊರಗು ಹೋಗಲ್ಲ ಅಂತ ನನಗೆ ಗೊತ್ತು.

ಮೊದ್ಲು ದುಡ್ಡಿನ ಲೆಕ್ಕ. ಅವರು ಆಲ್-ಇನ್ ಹೋದಾಗ ಪಾಟ್‌ನಲ್ಲಿ (ಮಧ್ಯೆ ಸೇರಿದ ದುಡ್ಡು) 24,900 ಇತ್ತು, ನೀವು ಇನ್ನೂ 10,000 ಹಾಕಬೇಕಿತ್ತು. ಅಂದ್ರೆ 34,900ರಲ್ಲಿ ನಿಮ್ಮ ಪಾಲು 10,000, ಸುಮಾರು 29 ಪರ್ಸೆಂಟ್. ಹತ್ತು ಸಲದಲ್ಲಿ ಮೂರು ಸಲ ನೀವು ಗೆಲ್ಲೋ ಹಾಗಿದ್ರೆ ಕಾಲ್ ಮಾಡಬಹುದು, ಅದಕ್ಕಿಂತ ಕಮ್ಮಿ ಆದ್ರೆ ಬಿಡ್ಬೇಕು. ಪಾಟ್‌ನಿಂದ ಕ್ಯಾಸಿನೊದವರು ಕಮಿಷನ್ ಮುರ್ಕೊಳ್ತಾರಲ್ಲ, ಅದನ್ನ ಸೇರಿಸಿದ್ರೆ ಇನ್ನೊಂಚೂರು ಜಾಸ್ತೀನೇ ಬೇಕು.

ಈಗ ಎಲೆ ಲೆಕ್ಕ. ರಿವರ್‌ನಲ್ಲಿ ಎರಡನೇ ಎಂಟು ಬಿದ್ದಿದ್ರಿಂದ ನಿಮ್ಮ ಫ್ಲಷ್‌ನ ಫುಲ್ ಹೌಸ್ (ಒಂದು ಅಂಕಿಯ ಮೂರು ಎಲೆ, ಇನ್ನೊಂದರ ಎರಡು) ಸೋಲಿಸತ್ತೆ, ನಾಲ್ಕು ಎಂಟು ಸೋಲಿಸತ್ತೆ, ಬೇರೆ ಯಾವುದೂ ಇಲ್ಲ. ರಾಣಿ ಜೋಡಿ ಅವರ ಕೈಲಿರೋಕೆ ಮೂರು ದಾರಿ (ಒಂದು ರಾಣಿ ಮೇಲೇ ಬಿದ್ದಿದೆ, ಉಳಿದ ಮೂರರಲ್ಲಿ ಎರಡು), ಐದರ ಜೋಡಿಗೆ ಹಾಗೇ ಮೂರು ದಾರಿ, ಎಂಟರ ಜೋಡಿಗೆ ಒಂದೇ ದಾರಿ. ಒಟ್ಟು ಏಳು. ಎಂಟು-ಐದು, ರಾಣಿ-ಎಂಟು ಅಂಥದ್ದನ್ನ ಆ ಹಿರಿಯರು 600 ಕೊಟ್ಟು ಆಡೋರಲ್ಲ, ಮೂರರ ಜೋಡಿ ಇಟ್ಕೊಂಡು ಫ್ಲಾಪ್‌ನಲ್ಲಿ ಕಾಲ್ ಮಾಡೋರೂ ಅಲ್ಲ, ಇದು ನೀವೇ ಬರೆದಿರೋದ್ರ ಮೇಲೆ ಹೇಳ್ತಿದೀನಿ. ಏಳರ ಎದುರಿಗೆ ನಿಮಗೆ 29 ಪರ್ಸೆಂಟ್ ಬರ್ಬೇಕಂದ್ರೆ ನೀವು ಗೆಲ್ಲೋ ಎಲೆ ಅವರ ಕೈಲಿರೋಕೆ ಕನಿಷ್ಠ ಮೂರು ದಾರಿ ಬೇಕು. ರಾಣಿ ಜೋಡಿ ಬಂದಿದ್ರೆ ಅವರು ಮೊದಲೇ ಏರಿಸ್ತಿದ್ರು ಅಂತ ಅದನ್ನ ಬಿಟ್ರೂ ಉಳಿಯೋದು ನಾಲ್ಕು, ಆಗ್ಲೂ ಎರಡು ಬೇಕು.

ಸರಿ, ಆ ಎರಡು-ಮೂರು ಎಲ್ಲಿಂದ ತರ್ತೀರ? ಆಟೀನ್ ರಾಜ-ಹತ್ತು, ಹತ್ತು-ಒಂಬತ್ತು, ಏಳು-ಆರು, ಹೀಗೆ ಸಣ್ಣ ಫ್ಲಷ್‌ಗಳು ಬೇಕಾದಷ್ಟಿವೆ. ಎದುರಿಗೆ ಬಿಸಿರಕ್ತದ ಹುಡುಗ ಕೂತಿದ್ರೆ ಇವನ್ನೆಲ್ಲ ಇಟ್ಕೊಂಡು ಆಲ್-ಇನ್ ಹೋಗ್ತಾನೆ, ಆಗ ನಿಮಗೆ ಅರ್ಧಕ್ಕರ್ಧ ಗೆಲುವಿದೆ, ಯೋಚ್ನೇನೇ ಮಾಡದೆ ಕಾಲ್ ಮಾಡಿ. ಆದ್ರೆ ಅಳೆದು ತೂಗಿ ಆಡೋ ಆ ಹಿರಿಯರು ಹತ್ತರ ಫ್ಲಷ್ ಇಟ್ಕೊಂಡು, ಬೋರ್ಡ್ ಜೋಡಿ ಆಗಿರೋವಾಗ, ಮೂರು ಸಲ ಬೆಟ್ ಹಾಕಿರೋ ನಿಮ್ಮ ಮೇಲೆ ಇದ್ದಬದ್ದದ್ದೆಲ್ಲ ತಳ್ತಾರಾ? ತಳ್ಳಲ್ಲ. ಅವರು ನಿಮ್ಮ 4000ಕ್ಕೆ ಮನಸ್ಸಿಲ್ದ ಮನಸ್ಸಿಂದ ಕಾಲ್ ಮಾಡಿ ಎಲೆ ತೋರಿಸ್ತಾರೆ, ಅಷ್ಟೇ. ರಾಜ-ಹತ್ತು ಒಂದಕ್ಕೆ ಧೈರ್ಯ ಮಾಡಿದ್ರು ಅಂತಾನೇ ಇಟ್ಕೊಳ್ಳಿ, ಆ ಏಳಕ್ಕೆ ಇದೊಂದು ಸೇರಿ ಎಂಟರಲ್ಲಿ ಒಂದು ಆಯ್ತು, 12 ಪರ್ಸೆಂಟ್ ಚಿಲ್ರೆ. ಬೇಕಾಗಿದ್ದು 29.

ನಿಮ್ಮ ಗೆಳೆಯರು ಎಡವಿದ್ದು ಇಲ್ಲೇ. ಅವರು ನೋಡಿದ್ದು ನಿಮ್ಮ ಎಲೆ ಎಷ್ಟು ದೊಡ್ಡದು ಅಂತ. ಫ್ಲಷ್ ದೊಡ್ಡದೇ, ಯಾರು ಅಲ್ಲ ಅಂದ್ರು? ಆದ್ರೆ ರಿವರ್‌ನಲ್ಲಿ ಆ ಮನುಷ್ಯ ರೈಸ್ ಮಾಡಿದ, ಅಂದ್ರೆ ನಿಮ್ಮ ಬೆಟ್ ಮೇಲೆ ಏರಿಸಿದ ಕ್ಷಣದಿಂದ ನೀವು ಅಳೀಬೇಕಾಗಿದ್ದು ಅವರು ರೈಸ್ ಮಾಡೋ ಎಲೆಗಳ ಜೊತೆ ಮಾತ್ರ, ಅವರ ಹತ್ರ ಇರಬಹುದಾದ ಎಲ್ಲಾ ಎಲೆಗಳ ಜೊತೆ ಅಲ್ಲ. ಅಂಥ ಮನುಷ್ಯನ ಆಲ್-ಇನ್ ಎದುರಿಗೆ ನಿಮ್ಮ ಎಕ್ಕದ ಫ್ಲಷ್‌ಗೂ ಆರರ ಫ್ಲಷ್‌ಗೂ ಹೆಚ್ಚುಕಮ್ಮಿ ಒಂದೇ ಬೆಲೆ, ಎರಡೂ ಫುಲ್ ಹೌಸ್‌ಗೆ ಸೋಲತ್ತೆ.

ಪತ್ರದಲ್ಲಿ ಒಂದು ವಿಷಯ ಬರ್ದಿದೀರ, ಅದನ್ನ ನಾನು ಮತ್ತೆ ಮತ್ತೆ ಓದಿದೆ. ಮೂರು ಗಂಟೆಯಲ್ಲಿ ಅವರು ರೈಸ್ ಮಾಡಿದ್ದು ಎರಡೇ ಸಲ, ಎರಡು ಸಲವೂ ಚಿಪ್ಸ್ (ದುಡ್ಡಿನ ಬದಲು ಇಡೋ ಬಿಲ್ಲೆ) ಮುಟ್ಟೋಕೆ ಮುಂಚೆ ನಿಂಬೆ ಸೋಡಾ ಗ್ಲಾಸನ್ನ ಎತ್ತಿ ಪಕ್ಕಕ್ಕಿಟ್ರು, ಕೆಳಗಿದ್ದ ನೀರಿನ ಉಂಗುರ ಕರ್ಚೀಫಲ್ಲಿ ಒರೆಸಿದ್ರು, ಆಮೇಲೆ ತಳ್ಳಿದ್ರು, ತೋರಿಸಿದ್ದು ಎಕ್ಕದ ಜೋಡಿ ಮತ್ತೆ ರಾಜನ ಜೋಡಿ. ನಿಮ್ಮ ಮೇಲೆ ಆಲ್-ಇನ್ ಹೋಗೋವಾಗ್ಲೂ ಗ್ಲಾಸ್ ಪಕ್ಕಕ್ಕೆ ಹೋಯ್ತು. ಎಷ್ಟು ಚೆನ್ನಾಗಿ ನೋಡಿದೀರ! ಆನ್‌ಲೈನ್ ಆಡ್ತಿದ್ದಾಗ ಎದುರಾಳಿ ನೂರಕ್ಕೆ ಎಷ್ಟು ಸಲ ರೈಸ್ ಮಾಡ್ತಾನೆ ಅಂತ ಸಾಫ್ಟ್‌ವೇರೇ ಹೇಳ್ತಿತ್ತು ಅಂದಿದೀರಿ, 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾನೂನು ಬಂದು ದುಡ್ಡಿನ ಆನ್‌ಲೈನ್ ಆಟ ನಿಂತ ಮೇಲೆ ಕಣ್ಣೇ ಸಾಫ್ಟ್‌ವೇರ್. ಆದ್ರೆ ಗ್ಲಾಸ್‌ಗಿಂತ "ಮೂರು ಗಂಟೆಯಲ್ಲಿ ಎರಡು ಸಲ" ಅನ್ನೋದಕ್ಕೆ ಜಾಸ್ತಿ ತೂಕ ಕೊಡಿ. ಗ್ಲಾಸ್ ಯಾರು ಬೇಕಾದ್ರೂ ಎತ್ತಿಡಬಹುದು, ಮೂರು ಗಂಟೆ ಸುಮ್ನೆ ಎಲೆ ಬಿಸಾಕ್ತಾ ಕೂರೋ ತಾಳ್ಮೆ ನಟನೆ ಮಾಡೋಕೆ ಬರಲ್ಲ.

ಹಾಗಂತ ಒಂದು ಎಚ್ಚರಿಕೆ ಹೇಳ್ದೆ ಇರಲ್ಲ. 2003ರಲ್ಲಿ ಲಾಸ್ ವೇಗಸ್‌ನ ಪೋಕರ್ ವರ್ಲ್ಡ್ ಸೀರೀಸ್ ಮೇನ್ ಇವೆಂಟ್, 839 ಜನ ಆಡಿದ್ರು, ಕೊನೆಗೆ ಉಳಿದೋರು ಇಬ್ಬರು. ಒಬ್ರು ಸ್ಯಾಮ್ ಫರ್ಹಾ, ಪಳಗಿದ ಆಟಗಾರ. ಇನ್ನೊಬ್ರು ಕ್ರಿಸ್ ಮನಿಮೇಕರ್, ಟೆನೆಸ್ಸಿಯ ಅಕೌಂಟೆಂಟ್, ಆನ್‌ಲೈನ್‌ನಲ್ಲಿ ಸಣ್ಣ ಟೂರ್ನಮೆಂಟ್ ಗೆದ್ದು ಸೀಟು ಪಡೆದು ಬಂದೋರು. ಒಂದು ಆಟದಲ್ಲಿ ಫರ್ಹಾ ಹತ್ರ ಒಂಬತ್ತರ ಜೋಡಿ, ಬೋರ್ಡ್‌ನಲ್ಲಿ ಅದಕ್ಕಿಂತ ದೊಡ್ಡ ಎಲೆ ಇಲ್ಲ. ಮನಿಮೇಕರ್ ಇಸ್ಪೀಟ್ ಫ್ಲಷ್‌ಗೆ ಕಾಯ್ತಿದ್ರು, ಬರ್ಲಿಲ್ಲ, ಕೈಲಿ ರಾಜ ಬಿಟ್ರೆ ಏನೂ ಇಲ್ಲ, ಆದ್ರೂ ರಿವರ್‌ನಲ್ಲಿ ಆಲ್-ಇನ್ ಅಂದ್ರು. ಫರ್ಹಾ ತುಂಬಾ ಹೊತ್ತು ಯೋಚಿಸಿ ಎಲೆ ಬಿಟ್ರು. ಆ ಟೂರ್ನಮೆಂಟ್ ಗೆದ್ದಿದ್ದು ಮನಿಮೇಕರ್, 25 ಲಕ್ಷ ಡಾಲರ್. ಇಲ್ಲಿ ನೋಡ್ಬೇಕಾದ್ದು, ಆ ಬೋರ್ಡ್‌ನಲ್ಲಿ ಫ್ಲಷ್‌ಗೆ ಕಾದು ಕೈಸುಟ್ಟುಕೊಂಡಿರೋ ಸಾಧ್ಯತೆ ಕಣ್ಣೆದುರೇ ಇತ್ತು, ಬ್ಲಫ್ (ಎಲೆ ಇಲ್ದೆ ದುಡ್ಡು ಹಾಕಿ ಹೆದರಿಸೋದು) ಎಲ್ಲಿಂದ ಬರಬಹುದು ಅಂತ ಬೆರಳಿಟ್ಟು ತೋರಿಸಬಹುದಿತ್ತು. ನಿಮ್ಮ ಆಟದಲ್ಲಿ ಫ್ಲಷ್ ಟರ್ನ್‌ನಲ್ಲೇ ಆಗಿಹೋಗಿತ್ತು, ಹತ್ತು-ಒಂಬತ್ತು ಥರದ ಸೀಕ್ವೆನ್ಸ್‌ಗೆ ಕಾಯ್ತಿದ್ದೋರು ಮೂರನೇ ಆಟೀನ್ ಬಿದ್ಮೇಲೆ 2000ಕ್ಕೆ ಕಾಲ್ ಮಾಡೋದು ಕಷ್ಟ, ಅದೂ ಆ ಹಿರಿಯರು! ಬ್ಲಫ್ ಮಾಡೋಕೆ ಅವರ ಕೈಲಿ ಎಲೆಯೇ ಉಳಿದಿರ್ಲಿಲ್ಲ.

ರಿವರ್‌ನಲ್ಲಿ 4000 ಹಾಕಿದ್ದೇ ತಪ್ಪಾ ಅಂತಾನೂ ಕೇಳಿದೀರ. ತಪ್ಪಲ್ಲ. ಸಣ್ಣ ಫ್ಲಷ್ ಇದ್ರೆ ಅವರು ಕಾಲ್ ಮಾಡ್ತಾರೆ, ಎಕ್ಕ-ಎಂಟು ಇದ್ರೆ ಮೂರು ಎಂಟು ಆಯ್ತಲ್ಲ ಅಂತ ಕಾಲ್ ಮಾಡ್ತಾರೆ, ಆ ದುಡ್ಡು ಬಿಡೋದು ಯಾಕೆ. ಇಂಥವರ ಮೇಲೆ ಬೆಟ್ ಹಾಕಿ, ರೈಸ್ ಬಂದ್ರೆ ಬಿಡೋದು ಒಳ್ಳೆ ಆಟ. ನೀವು ಎಡವಿದ್ದು ಒಂದೇ ಕಡೆ ಅನ್ಸತ್ತೆ, "ರೈಸ್ ಬಂದ್ರೆ ಏನ್ಮಾಡ್ಲಿ" ಅನ್ನೋದನ್ನ ರೈಸ್ ಬಂದ ಮೇಲೆ ಯೋಚ್ನೆ ಮಾಡಿದ್ರಿ, ಎರಡು ನಿಮಿಷ ಬೆವರಿದ್ರಿ. ಅದನ್ನ 4000 ಎಣಿಸೋವಾಗ್ಲೇ ತೀರ್ಮಾನ ಮಾಡ್ಕೊಂಡಿದ್ರೆ ಹತ್ತು ಸೆಕೆಂಡ್ ಕೆಲಸ.

ಅವರ ಹತ್ರ ಏನಿತ್ತು ಅಂತ ನಿಮಗೆ ಯಾವತ್ತೂ ಗೊತ್ತಾಗಲ್ಲ, ಅದೇ ನಿಮ್ಮ ನಿಜವಾದ ನೋವು ಅಂತ ನನಗೆ ಅರ್ಥ ಆಗತ್ತೆ. ಒಂದು ವೇಳೆ ಅವತ್ತು ರಾಜ-ಹತ್ತೇ ಇತ್ತು ಅಂತಿಟ್ಕೊಳ್ಳಿ. ಆಗ್ಲೂ ನೀವು ಬಿಟ್ಟಿದ್ದು ಸರೀನೇ, ಎಂಟರಲ್ಲಿ ಒಂದು ಸಲ ಅದೇ ಇರತ್ತೆ ಅಂತ ಲೆಕ್ಕದಲ್ಲೇ ಸೇರಿಸಿದೀವಲ್ಲ.

ಮುಂದಿನ ತಿಂಗಳು ಮತ್ತೆ ಹೋಗ್ತೀರಂತೆ, ಅವರೂ ಇರ್ತಾರಂತೆ. ಅವರು ಚೆಕ್ ಮಾಡಿದಾಗ ನೀವು ಈಗಿನದ್ದಕ್ಕಿಂತ ಜಾಸ್ತಿ ಸಲ ಬೆಟ್ ಹಾಕಿ, ಸಣ್ಣ ಎಲೆ ಇದ್ರೂ ಹಾಕಿ, ಅವರು ಬಿಡ್ತಾರೆ, ಆ 14,000 ಎದುರು ಬಿಟ್ಟ ಪಾಟ್ ಹಾಗೆ ಚೂರುಚೂರೇ ವಾಪಸ್ ಬರತ್ತೆ. ಜೊತೆಗೆ ಅವರ ರೈಸ್ ಎಣಿಸ್ತಾ ಇರಿ. ಒಂದು ಗಂಟೆಯಲ್ಲಿ ನಾಲ್ಕೈದು ಸಲ ಗ್ಲಾಸ್ ಪಕ್ಕಕ್ಕೆ ಹೋಯ್ತು ಅಂದ್ರೆ ಅವರು ಆಟ ಬದಲಾಯಿಸಿದಾರೆ, ಆವಾಗ ಇದೇ ಎಕ್ಕದ ಫ್ಲಷ್ ಬಂದ್ರೆ ಕಾಲ್ ಮಾಡಿ, ಆಮೇಲೆ ನನಗೆ ಬರೀರಿ.