ಓದುಗರ ಪ್ರಶ್ನೆ: ಕೊನೆಯ ದಿನಗಳಲ್ಲಿ ಹಾಡು

ಪ್ರಶ್ನೆ: ಕ್ಯಾನ್ಸರ್ ಇರುವ ಅಜ್ಜಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದಿದ್ದೇವೆ. ಇನ್ನು ಕೆಲವೇ ದಿನ ಎಂದಿದ್ದಾರೆ. ಊರಿನ ಭಜನೆಯವರು ಬಂದು ಹಾಡುತ್ತೇವೆ ಅನ್ನುತ್ತಿದ್ದಾರೆ. ಕರೆಸಬಹುದೇ?
– ಚಿಂತಾಮಣಿ ತಾಲ್ಲೂಕಿನ ಓದುಗರು

ಉತ್ತರ: ಮೊದಲು ಅಜ್ಜಿಯನ್ನೇ ಕೇಳಿ. ನಮ್ಮ ಹಳ್ಳಿಗಳಲ್ಲಿ ಹೆಣದ ಮುಂದೆಯೂ ರಾತ್ರಿಯಿಡೀ ಭಜನೆ ನಡೆಯುತ್ತದೆ. ಎಚ್ಚರವಿರುವವರಿಗೆ ಭಜನೆಯವರು ಬಂದರೆಂದರೆ ‘ನನ್ನ ಕತೆ ಮುಗಿಯಿತು’ ಅನ್ನಿಸಬಹುದು. ಬೇಡ ಅಂದರೆ ಬೇಡ.

ಒಪ್ಪಿದರೆ ಇಬ್ಬರೇ ಒಳಗೆ ಬರಲಿ. ತಾಳ, ಡೋಲಕ್, ಹಾರ್ಮೋನಿಯಂ ಹೊರಗಿರಲಿ. ತಾಳ ಎಲ್ಲರನ್ನೂ ತನ್ನ ಲಯಕ್ಕೆ ಎಳೆಯುತ್ತದೆ. ಇಲ್ಲಿ ಹಾಡೇ ಉಸಿರಿನ ಹಿಂದೆ ಹೋಗಬೇಕು. ಅಮೆರಿಕದಲ್ಲಿ ಥೆರೇಸ್ ಶ್ರೋಡರ್-ಶೇಕರ್ ಬೆಳೆಸಿದ ಮ್ಯೂಸಿಕ್ ಥ್ಯಾನಟಾಲಜಿಯವರು, ಅಂದರೆ ಸಾವಿನ ಅಂಚಿನಲ್ಲಿರುವವರ ಬಳಿ ಕೂತು ಹಾಡುವವರು, ಹಾರ್ಪ್ ಎಂಬ ತಂತಿವಾದ್ಯ ಮತ್ತು ಕಂಠದಿಂದ ಮಾಡುವುದೂ ಇದನ್ನೇ. ನಮಗೆ ತಂಬೂರಿಯೊಂದು ಸಾಕು. ಅದರ ಝೇಂಕಾರ ಚುಚ್ಚಿದಂತಿದ್ದರೆ ತಂತಿಗಳನ್ನು ಹೊತ್ತ ಕುದುರೆಯ (ಮರದ ಸೇತುವೆಯ) ಮೇಲೆ ತಂತಿಯಡಿಗಿರುವ ಜೀವಾಳದ ದಾರ ಸರಿಸಿ ಮೆತ್ತಗಾಗಿಸಿ.

ಎದೆಯ ಮಟ್ಟದಲ್ಲಿ, ಕೈಯಳತೆ ದೂರದಲ್ಲಿ, ಮುಖ ಕಾಣುವಂತೆ ಕೂರಿ. ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಕೊನೆಯಲ್ಲಿ ಉಸಿರು ಏರುಪೇರಾಗುವುದರಿಂದ ಅರ್ಧ ನಿಮಿಷದ ಲೆಕ್ಕ ತಪ್ಪುತ್ತದೆ. ನಿಮಿಷಕ್ಕೆ 24 ಇದ್ದರೆ ಎರಡು ಉಸಿರಿಗೆ ಒಂದು ಸಾಲು ಹಾಕಿ. ಉಸಿರು ಹೊರಬೀಳುವಾಗ ಎತ್ತಿಕೊಳ್ಳಿ. ನಿಮ್ಮ ಮಾಮೂಲಿ ಶ್ರುತಿಗಿಂತ ಹಾರ್ಮೋನಿಯಂನ ಎರಡು ಮನೆಯಷ್ಟು ಕೆಳಗೆ, ಮೊದಲು ಬರೀ ಗುನುಗು, ಆಮೇಲೆ ಮಾತು. ಉಸಿರು ನಿಧಾನವಾದರೆ ಸಾಲನ್ನೂ ಎಳೆಯಿರಿ. ಆಗದಿದ್ದರೆ ಬಲವಂತ ಬೇಡ.

ಕೆಲವರಿಗೆ ಉಸಿರು ಏರಿ, ಇಳಿದು, ಅರ್ಧ ನಿಮಿಷ ನಿಂತೇಬಿಡುತ್ತದೆ, ಮತ್ತೆ ಶುರುವಾಗುತ್ತದೆ. ಹಾಡುವವರು ಎಡವುವುದು ಇಲ್ಲೇ. ಗಾಬರಿಯಿಂದ ದನಿ ಎತ್ತಿ ಆ ಖಾಲಿ ತುಂಬಲು ಹೋಗುತ್ತಾರೆ. ತುಂಬಬೇಡಿ, ತಂಬೂರಿ ಮಾತ್ರ ನುಡಿಯಲಿ. ಹುಬ್ಬು ಗಂಟಾದರೆ, ಕೈ ಹೊದಿಕೆ ಕೀಳತೊಡಗಿದರೆ, ಮುಖ ಆಚೆ ತಿರುಗಿದರೆ ತಕ್ಷಣ ನಿಲ್ಲಿಸಿ. ಇಪ್ಪತ್ತು ನಿಮಿಷ ಹಾಡಿದರೆ ಅಷ್ಟೇ ಹೊತ್ತು ಮೌನವೂ ಇರಲಿ.

ಹಾಡು ನೋವಿನ ಔಷಧಿಯ ಬದಲಿಯಲ್ಲ. ಬಾಯಿಗೆ ಕೊಟ್ಟ ಮಾರ್ಫಿನ್ ಹಿಡಿಯಲು ಅರ್ಧ ಗಂಟೆಯಾದರೂ ಬೇಕು. ಹಾಡು ಅದಾದ ಮೇಲೆ. ಶಬ್ದವೆಂದು ಫ್ಯಾನ್ ಆರಿಸಬೇಡಿ, ಮುಖಕ್ಕೆ ತಾಗುವ ಗಾಳಿ ಏದುಸಿರನ್ನು ಹಗುರ ಮಾಡುತ್ತದೆ.

ಪ್ರಶ್ನೆ: ತಂದೆ ಮಾತಾಡುವುದು ಕನ್ನಡ, ಗುನುಗುವುದು ತೆಲುಗು. ಯಾವುದು ಹಾಡಿಸಲಿ?
– ಮುಳಬಾಗಿಲಿನ ಓದುಗರು

ಉತ್ತರ: ಗುನುಗುವುದನ್ನೇ. ಎಳೆಯ ವಯಸ್ಸಿನಲ್ಲಿ ಕಿವಿಗೆ ಬಿದ್ದದ್ದು ಸಾಮಾನ್ಯವಾಗಿ ಬಹುಕಾಲ ಉಳಿಯುತ್ತದೆ. ಸಂತಕವಿ ಕೈವಾರ ತಾತಯ್ಯನವರ ಕೀರ್ತನೆಗಳು ಎರಡೂ ಭಾಷೆಯಲ್ಲಿವೆ; ಸಿನಿಮಾ ಹಾಡಾದರೂ ಸರಿಯೇ. ಎಚ್ಚರವಿದ್ದಾಗ ಕಣ್ಣೀರು ಬಂದರೆ ಹೆದರಬೇಡಿ. ಕೊನೆಯ ಗಂಟೆಗಳಲ್ಲಿ ಮಾತ್ರ ಪರಿಚಿತ ಹಾಡು ಬಿಟ್ಟು, ಮಾತಿಲ್ಲದ ಮಂದ್ರ ಆಲಾಪಕ್ಕೆ ಬನ್ನಿ. ಗೊತ್ತಿರುವ ಹಾಡು ಮನಸ್ಸನ್ನು ಇಲ್ಲೇ ಹಿಡಿದಿಡಬಹುದು.

ಪ್ರಶ್ನೆ: ಪ್ರಜ್ಞೆ ತಪ್ಪಿದವರಿಗೆ ಕೇಳಿಸುತ್ತದೆಯೇ? ಮೊಬೈಲಿನಲ್ಲಿ ಹಾಕಿದರೆ ಸಾಲದೇ?
– ಶಿರಾದ ಓದುಗರು

ಉತ್ತರ: 2020ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿನ ಅಂಚಿನಲ್ಲಿ ಪ್ರತಿಕ್ರಿಯೆ ನಿಂತಿದ್ದ ಕೆಲವರ ಮಿದುಳು ಸ್ವರ ಬದಲಾದಾಗ ಸ್ಪಂದಿಸಿತ್ತು. ಅರ್ಥವಾಯಿತೇ ಎಂಬುದು ಬೇರೆ ಮಾತು. ಕೇಳಿಸುತ್ತಿದೆ ಎಂದೇ ನಡೆದುಕೊಳ್ಳಿ; ಆಸ್ತಿಯ ಮಾತು, ಅಂತ್ಯಕ್ರಿಯೆಯ ಏರ್ಪಾಡು ಆ ಕೋಣೆಯಲ್ಲಿ ಬೇಡ. ಮೊಬೈಲು ಉಸಿರು ನೋಡಲಾರದು, ನಡುವೆ ಜಾಹೀರಾತು ಬೇರೆ. ಮಗಳ ಅರೆಬರೆ ಜೋಗುಳ ಅದಕ್ಕಿಂತ ಮೇಲು.

ಇನ್ನೊಂದು ಮಾತು. ಹಾಡು ಶುರುವಾದರೆ ಬಂದವರೆಲ್ಲ ಬಾಯಿಗೆ ತುಳಸಿ ನೀರು ಬಿಡಲು ಮುಂದಾಗುತ್ತಾರೆ. ನುಂಗುವ ಶಕ್ತಿ ಹೋದವರಿಗೆ ಆ ನೀರು ಶ್ವಾಸಕೋಶಕ್ಕಿಳಿದು ಉಸಿರು ಕಟ್ಟಿಸಬಹುದು. ಹತ್ತಿಯನ್ನು ಅದೇ ನೀರಿನಲ್ಲಿ ಅದ್ದಿ, ಹಿಂಡಿ, ತುಟಿ ಒದ್ದೆ ಮಾಡಿ.