ಅಲಾಸ್ಕಾ ಕ್ರೂಸ್: ಇಳಿಯದಿದ್ದರೂ ಕೆನಡಾ ವೀಸಾ ಬೇಕು

ಬೇಸಿಗೆ ಹತ್ತಿರವಾಗುತ್ತಿದ್ದಂತೆ ಅಮೆರಿಕದಲ್ಲಿರುವ ಕನ್ನಡಿಗರಿಂದ ಒಂದೇ ಪ್ರಶ್ನೆ ಹತ್ತು ರೂಪದಲ್ಲಿ ಬರತೊಡಗುತ್ತದೆ. ಈ ಸಲ ಅದಕ್ಕೆ ಉದ್ದ ಉತ್ತರ. ಉಳಿದವಕ್ಕೆ ಬೇಕಾದಷ್ಟು ಮಾತ್ರ.

ಪ್ರಶ್ನೆ: ಅಪ್ಪ, ಅಮ್ಮ ಮೈಸೂರಿನಿಂದ ಬಂದಿದ್ದಾರೆ. ಇಬ್ಬರಿಗೂ ಅಮೆರಿಕದ ಹತ್ತು ವರ್ಷದ ಬಿ1/ಬಿ2 (ಭೇಟಿ) ವೀಸಾ ಇದೆ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವ ಏಳು ರಾತ್ರಿಯ ಅಲಾಸ್ಕಾ ಕ್ರೂಸ್ ಬುಕ್ ಮಾಡಿದ್ದೇವೆ. ಕೊನೆಯ ರಾತ್ರಿ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಕೆಲವು ಗಂಟೆ ನಿಲ್ಲುತ್ತದಂತೆ. ನಾವು ಅಲ್ಲಿ ಇಳಿಯುವುದೇ ಇಲ್ಲ. ಆದರೂ ಕೆನಡಾ ವೀಸಾ ಬೇಕೇ? ಅಮೆರಿಕದ ವೀಸಾ ಇದ್ದರೆ ಸಾಕು ಎಂದು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಹೇಳುತ್ತಿದ್ದಾರೆ. — ಸನ್ನಿವೇಲ್

ಬೇಕು. ನೀವು ಕ್ಯಾಬಿನ್‌ನಲ್ಲಿ ಮಲಗಿಯೇ ಇದ್ದರೂ ನಿಮ್ಮ ಹಡಗು ಕೆನಡಾ ತಲುಪುತ್ತದೆ, ನಿಮ್ಮ ಹೆಸರು ಪ್ರಯಾಣಿಕರ ಪಟ್ಟಿಯಲ್ಲಿ ಇರುತ್ತದೆ. ಕಾಗದಪತ್ರ ನೋಡುವುದು ವಿಕ್ಟೋರಿಯಾದಲ್ಲಲ್ಲ, ಸಿಯಾಟಲ್‌ನ ಚೆಕ್-ಇನ್ ಕೌಂಟರಿನಲ್ಲಿ, ಹಡಗು ಹತ್ತುವ ಮೊದಲು. ವೀಸಾ ಇಲ್ಲದಿದ್ದರೆ ಅಲ್ಲೇ ತಡೆಯುತ್ತಾರೆ. ಕಟ್ಟಿದ ಹಣ ವಾಪಸ್ ಬರುವುದಿಲ್ಲ. ಸೂಟ್‌ಕೇಸ್ ಪೋರ್ಟರ್ ಕೈಗೆ ಹೋಗಿದ್ದರೆ ಅದನ್ನು ಹುಡುಕಿ ಇಳಿಸಿಕೊಳ್ಳುವ ಕೆಲಸ ಬೇರೆ.

ಹಾಗಾದರೆ ಹಡಗು ಅಲ್ಲಿಗೆ ಹೋಗುವುದಾದರೂ ಯಾಕೆ ಎಂದು ಕೇಳುತ್ತೀರಿ. 1886ರ ಅಮೆರಿಕದ ಕಾನೂನೊಂದರ ಪ್ರಕಾರ ವಿದೇಶಿ ಧ್ವಜದ ಹಡಗು ಬರೀ ಅಮೆರಿಕದ ಬಂದರುಗಳ ನಡುವೆ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಅಲಾಸ್ಕಾಕ್ಕೆ ಹೋಗುವ ದೊಡ್ಡ ಕ್ರೂಸ್ ಹಡಗುಗಳೆಲ್ಲ ಬಹಾಮಾಸ್, ಪನಾಮ ಮುಂತಾದ ದೇಶಗಳ ಧ್ವಜದವು. ಆದ್ದರಿಂದ ಸಿಯಾಟಲ್‌ನಿಂದ ಹೊರಡುವ ಸಾಮಾನ್ಯ ಅಲಾಸ್ಕಾ ಕ್ರೂಸ್‌ನಲ್ಲಿ ಒಂದು ಕೆನಡಾ ಬಂದರು ಇದ್ದೇ ಇರುತ್ತದೆ. ಬೇರೆ ಕಂಪನಿ ನೋಡಿ ತಪ್ಪಿಸಿಕೊಳ್ಳುತ್ತೇನೆ ಎಂದು ವೆಬ್‌ಸೈಟುಗಳನ್ನು ಜಾಲಾಡಿ ಸಮಯ ಕಳೆಯಬೇಡಿ.

ವಾಟ್ಸ್‌ಆ್ಯಪ್ ಪಂಡಿತರ ಗೊಂದಲ ಎಲ್ಲಿಂದ ಬಂತೆಂದರೆ, ಮೆಕ್ಸಿಕೊ ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದವರನ್ನು ಬೇರೆ ವೀಸಾ ಇಲ್ಲದೆ ಬಿಟ್ಟುಕೊಳ್ಳುತ್ತದೆ. ಲಾಸ್ ಏಂಜಲೀಸ್‌ನಿಂದ ಎನ್ಸೆನಾಡಾಕ್ಕೆ ಹೋಗಿ ಬಂದವರು ಅದೇ ನಿಯಮವನ್ನು ಕೆನಡಾಕ್ಕೂ ಅಂಟಿಸಿಬಿಡುತ್ತಾರೆ. ಇನ್ನು ಕೆಲವರು ‘ಇಟಿಎ (ವೀಸಾ ಬದಲಿಗೆ ಆನ್‌ಲೈನ್‌ನಲ್ಲಿ ಸಿಗುವ ಕೆನಡಾ ಪ್ರವೇಶ ಅನುಮತಿ) ಸಾಕು, ಏಳು ಡಾಲರ್ ಕಟ್ಟಿ’ ಎನ್ನುತ್ತಾರೆ. ಅಮೆರಿಕದ ವೀಸಾ ಇರುವವರಿಗೆ ಇಟಿಎ ಕೊಡುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ ವೀಸಾ, ಇಟಿಎ ಎರಡೂ ಬೇಡ. ಆದರೆ ಭಾರತದ ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು, ಕಾರ್ಡ್ ಕೈಯಲ್ಲಿರಬೇಕು. ಎಚ್-1ಬಿ ಎಂಬ ಉದ್ಯೋಗ ವೀಸಾ ಇದ್ದವರಿಗೆ ಕೆನಡಾ ವೀಸಾ ಬೇಕೇ ಬೇಕು. ಹಾಗಾಗಿ ಒಂದೇ ಮನೆಯಲ್ಲಿ ಮಗನಿಗೆ ಬೇಡ, ಅಪ್ಪ ಅಮ್ಮನಿಗೆ ಬೇಕು ಎಂಬ ಸ್ಥಿತಿ ಇರುತ್ತದೆ.

ವೀಸಾಕ್ಕೆ ತಲೆಗೆ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಫೋಟೊಕ್ಕೆ 85. ಬೆರಳಚ್ಚು ಒಮ್ಮೆ ಕೊಟ್ಟರೆ ಹತ್ತು ವರ್ಷ ನಡೆಯುತ್ತದೆ. ವೀಸಾ ಸಾಮಾನ್ಯವಾಗಿ ಹಲವು ಪ್ರವೇಶದ್ದು, ಆದರೆ ಪಾಸ್‌ಪೋರ್ಟಿನ ಅವಧಿ ದಾಟಿ ಕೊಡುವುದಿಲ್ಲ. ಅಪ್ಪನ ಪಾಸ್‌ಪೋರ್ಟ್ ಇನ್ನೊಂದು ವರ್ಷಕ್ಕೆ ಮುಗಿಯುವುದಿದ್ದರೆ ಮೊದಲು ಅದನ್ನು ನವೀಕರಿಸಿ. ಹಿರಿಯರು ಇನ್ನೂ ಊರಿನಲ್ಲೇ ಇದ್ದರೆ, ಹೊರಡುವ ಮೊದಲೇ ಬೆಂಗಳೂರಿನಲ್ಲಿ ಮುಗಿಸಿದರೆ ಒಳ್ಳೆಯದು. ಇಲ್ಲಿಗೆ ಬಂದ ಮೇಲೂ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು, ಆದರೆ ಸ್ಟ್ಯಾಂಪ್‌ಗೆಂದು ಪಾಸ್‌ಪೋರ್ಟನ್ನು ಕೊರಿಯರ್‌ನಲ್ಲಿ ಕಳಿಸಿ ಕಾಯಬೇಕಾಗುತ್ತದೆ. ವೀಸಾ ಪಾಸ್‌ಪೋರ್ಟಿನಲ್ಲಿ ಅಂಟುವ ತನಕ ಕ್ರೂಸ್‌ನ ಕೊನೆಯ ಕಂತು ಕಟ್ಟಬೇಡಿ. ಆ ತಾರೀಖು ಹಡಗು ಹೊರಡುವುದಕ್ಕೆ ಸುಮಾರು ಮೂರು ತಿಂಗಳು ಮೊದಲೇ ಬರುತ್ತದೆ, ಅದಾದ ಮೇಲೆ ರದ್ದು ಮಾಡಿದರೆ ಕಡಿತ ಶುರು. ಕೆನಡಾ ಅರ್ಜಿಯನ್ನು ಅದಕ್ಕಿಂತ ಸಾಕಷ್ಟು ಮುಂಚೆ ಹಾಕಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ‘ಬೇಡ ಬಿಡಿ ಸಾರ್’ ಎನ್ನುವ ಏಜೆಂಟ್ ಕಮಿಷನ್ ಎಣಿಸುವವನು, ಸಿಯಾಟಲ್ ಕೌಂಟರಿಗೆ ಅವನು ಬರುವುದಿಲ್ಲ.

ಇಷ್ಟು ಕಷ್ಟಪಟ್ಟು ವೀಸಾ ಪಡೆದ ಮೇಲೆ ಅಲಾಸ್ಕಾದ ಸ್ಕ್ಯಾಗ್ವೇ ಬಂದರಿನಲ್ಲಿ ಅದನ್ನು ಬಳಸಿಕೊಳ್ಳಿ. ಅಲ್ಲಿಂದ ಯೂಕಾನ್‌ಗೆ, ಕಾರ್‌ಕ್ರಾಸ್, ಎಮರಾಲ್ಡ್ ಸರೋವರದ ಕಡೆಗೆ ಹೋಗುವ ಬಸ್ಸುಗಳು ಕೆನಡಾ ಗಡಿ ದಾಟುತ್ತವೆ. ವೈಟ್ ಪಾಸ್ ರೈಲಿನಲ್ಲೂ ಫ್ರೇಸರ್, ಬೆನೆಟ್, ಕಾರ್‌ಕ್ರಾಸ್‌ಗೆ ಹೋಗುವ ಟಿಕೆಟ್‌ಗೆ ಪಾಸ್‌ಪೋರ್ಟ್ ಮತ್ತು ವೀಸಾ ಎರಡೂ ಬೇಕು. ಬರೀ ಶಿಖರದ ತನಕ ಹೋಗಿ, ಬೋಗಿಯಿಂದ ಇಳಿಯದೆ ಮರಳುವ ಸಮ್ಮಿಟ್ ಟ್ರಿಪ್‌ಗೆ ಬೇಡ. ಜನ ತಪ್ಪುವುದು ಇಲ್ಲೇ: ಎರಡೂ ಟಿಕೆಟ್‌ಗಳ ಮೇಲೆ ‘ವೈಟ್ ಪಾಸ್’ ಎಂದಿರುತ್ತದೆ. ಪಾಸ್‌ಪೋರ್ಟನ್ನು ಕ್ಯಾಬಿನ್ ಲಾಕರಿನಲ್ಲಿ ಬಿಟ್ಟು ಬಂದವರನ್ನು ಬಸ್ ಹತ್ತಿಸಿಕೊಳ್ಳುವುದಿಲ್ಲ.

ಈ ಯಾತ್ರೆಯ ಹೆಸರಿನಲ್ಲಿ ಇನ್ನೊಂದು ಮೂಢನಂಬಿಕೆ ಓಡಾಡುತ್ತಿದೆ: ಕ್ರೂಸ್ ಹೋಗಿಬಂದರೆ ಅಪ್ಪ ಅಮ್ಮನ ಐ-94 (ಅಮೆರಿಕದಲ್ಲಿ ಯಾವ ತಾರೀಖಿನ ತನಕ ಇರಬಹುದೆಂಬ ದಾಖಲೆ) ಮತ್ತೆ ಆರು ತಿಂಗಳಿಗೆ ಸಿಗುತ್ತದೆ ಎಂದು. ಕೆನಡಾಕ್ಕೆ 30 ದಿನದೊಳಗೆ ಹೋಗಿ ಮರಳಿದವರನ್ನು ಸಾಮಾನ್ಯವಾಗಿ ಹಳೆಯ ಐ-94ರ ಮೇಲೆಯೇ ಒಳಗೆ ಬಿಡುತ್ತಾರೆ. ಹೊಸ ತಾರೀಖು ಸಿಕ್ಕೇ ಸಿಗುತ್ತದೆ ಎಂದು ನಂಬಿ ವಾಪಸ್ ಟಿಕೆಟ್ ಮುಂದೂಡಿದರೆ ಅವಧಿ ಮೀರಿದ ಕಪ್ಪುಚುಕ್ಕೆ ಅವರ ಹೆಸರಿಗೆ ಬೀಳುತ್ತದೆ. ಉಳಿಯಬೇಕಿದ್ದರೆ ಅವಧಿ ಮುಗಿಯುವ ಮೊದಲು ಅದನ್ನು ವಿಸ್ತರಿಸುವ ಐ-539 ಅರ್ಜಿ ಹಾಕಿ. ಅದಕ್ಕೆ ಹಡಗು ಬೇಕಿಲ್ಲ.

ಪಾಸ್‌ಪೋರ್ಟಿನಲ್ಲಿರುವ ಎಚ್-1ಬಿ ವೀಸಾ ಸ್ಟ್ಯಾಂಪಿನ ಅವಧಿ ಮುಗಿದು, ಐ-797 (ಅನುಮೋದನೆ ಪತ್ರ) ಮತ್ತು ಐ-94 ಚಾಲ್ತಿಯಲ್ಲಿರುವವರು 30 ದಿನದೊಳಗಿನ ಕೆನಡಾ ಪ್ರವಾಸದಿಂದ ‘ಆಟೊಮ್ಯಾಟಿಕ್ ರೀವ್ಯಾಲಿಡೇಶನ್’ ನಿಯಮದಡಿ ಮರಳಬಹುದು. ಕೆನಡಾದಲ್ಲಿ ಅಮೆರಿಕದ ಹೊಸ ವೀಸಾಕ್ಕೆ ಅರ್ಜಿ ಹಾಕಿರಬಾರದು, ಅಷ್ಟೆ. ಆದರೆ ಬಂದರಿನ ಕೌಂಟರ್ ಸಿಬ್ಬಂದಿಗೆ ಈ ನಿಯಮ ಗೊತ್ತಿರಲೇಬೇಕೆಂದಿಲ್ಲ. ಅಮೆರಿಕದ ನಿಯಮಾವಳಿಯಲ್ಲಿ ಇದನ್ನು ಹೇಳುವ 22 ಸಿಎಫ್‌ಆರ್ 41.112(ಡಿ) ಇರುವ ಪುಟವನ್ನು ಪ್ರಿಂಟ್ ಮಾಡಿಕೊಂಡು ಹೋಗಿ. ನನ್ನನ್ನು ಕೇಳಿದರೆ, ಸ್ಟ್ಯಾಂಪ್ ಇಲ್ಲದವರು ಹಡಗಿನ ಬದಲು ಅಲಾಸ್ಕಾಕ್ಕೆ ವಿಮಾನದಲ್ಲಿ ಹೋಗುವುದು ನೆಮ್ಮದಿ.

ಪ್ರಶ್ನೆ: ಬಂದರಿನಲ್ಲಿ ಇಳಿದು ನಾವೇ ಸುತ್ತಾಡಿಕೊಂಡು ಬಂದರೆ ಹಡಗು ತಪ್ಪುವ ಭಯವೇ? — ಆಸ್ಟಿನ್

ಭಯ ಇರಲಿ. ಹಡಗು ಹೊರಡುವ ಸಮಯ ಬೇರೆ, ಎಲ್ಲರೂ ಹಡಗಿನೊಳಗೆ ಇರಬೇಕಾದ ‘ಆಲ್ ಅಬೋರ್ಡ್’ ಸಮಯ ಬೇರೆ. ಎರಡನೆಯದು ಸಾಮಾನ್ಯವಾಗಿ ಅರ್ಧ ಗಂಟೆ ಮೊದಲು. ಇಳಿಯುವಾಗ ಗ್ಯಾಂಗ್‌ವೇ (ಹಡಗು ಹತ್ತಿ ಇಳಿಯುವ ದಾರಿ) ಪಕ್ಕದ ಬೋರ್ಡಿನ ಫೋಟೊ ತೆಗೆದುಕೊಳ್ಳಿ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹಡಗು ಸಿಯಾಟಲ್ ಸಮಯದಲ್ಲೇ ಉಳಿದು ನಿಮ್ಮ ಫೋನ್ ತಾನಾಗಿ ಅಲಾಸ್ಕಾ ಸಮಯಕ್ಕೆ ಬದಲಾದರೆ ನಿಮಗೆ ಇಲ್ಲದ ಒಂದು ಗಂಟೆ ಇದೆ ಎನಿಸುತ್ತದೆ. ಹೆಚ್ಚಿನ ಹಡಗುಗಳು ಅಲಾಸ್ಕಾ ಸಮಯಕ್ಕೆ ಬದಲಾಗುತ್ತವೆ, ಆದರೆ ಊಹೆ ಬೇಡ. ಹಡಗಿನ ಸಮಯಕ್ಕೆ ಹೊಂದಿಸಿದ ಕೈಗಡಿಯಾರ ಕಟ್ಟಿಕೊಳ್ಳಿ.

ಜೂನೋದಲ್ಲಿ ಮೆಂಡೆನ್‌ಹಾಲ್ ಹಿಮನದಿ ಬಂದರಿನಿಂದ ಸುಮಾರು 20 ಕಿ.ಮೀ. ಊರಿನ ಬಸ್ ಅಗ್ಗ, ಆದರೆ ಅದು ಬಿಡುವ ಜಾಗದಿಂದ ಇನ್ನೂ ಎರಡು ಕಿ.ಮೀ.ಗಿಂತ ಹೆಚ್ಚು ನಡೆಯಬೇಕು, ಬರುವಾಗಲೂ ಅಷ್ಟೇ. ಮಂಡಿನೋವಿನ ಅಮ್ಮನನ್ನು ಆ ಬಸ್ಸಿಗೆ ಹತ್ತಿಸಬೇಡಿ, ನೇರ ಶಟಲ್ ಹಿಡಿಯಿರಿ. ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ, ಕೆಚಿಕನ್ ಇರುವುದು ದ್ವೀಪದಲ್ಲಿ. ಹಡಗು ತಪ್ಪಿದರೆ ವಿಮಾನ, ಇಲ್ಲವೇ ದೋಣಿ; ಟ್ಯಾಕ್ಸಿ ಮಾಡಿಕೊಂಡು ಮುಂದಿನ ಬಂದರಿನಲ್ಲಿ ಹಿಡಿಯುವ ಮಾತಿಲ್ಲ. ಆಲ್ ಅಬೋರ್ಡ್‌ಗೆ ಒಂದೂವರೆ ಗಂಟೆ ಮೊದಲು ಬಂದರಿನಲ್ಲಿರಿ. ಹಡಗಿನವರೇ ಮಾರುವ ಟೂರ್ ತಡವಾದರೆ ಹಡಗು ಕಾಯುತ್ತದೆ ಅಥವಾ ಅವರೇ ದಾರಿ ಮಾಡುತ್ತಾರೆ. ನೀವೇ ಗೊತ್ತುಮಾಡಿಕೊಂಡ ವ್ಯಾನಿಗೆ ಆ ರಿಯಾಯಿತಿ ಇಲ್ಲ.

ಪ್ರಶ್ನೆ: ಶುದ್ಧ ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ? ರೈಸ್ ಕುಕ್ಕರ್ ಒಯ್ಯಬಹುದೇ? — ನ್ಯೂಜೆರ್ಸಿ

ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಎಲ್ಲ ಬಂದರಿನ ಎಕ್ಸ್‌ರೇಯಲ್ಲೇ ಸಿಕ್ಕಿಬೀಳುತ್ತವೆ. ಬೆಂಕಿಯ ಭಯ, ಚರ್ಚೆಗೆ ಜಾಗವಿಲ್ಲ. ಮನೆಯಲ್ಲಿ ಮಾಡಿದ ಪುಳಿಯೋಗರೆಗೂ ಅದೇ ಗತಿ. ಕಂಪನಿ ಸೀಲ್ ಇರುವ ಚಟ್ನಿಪುಡಿ, ಖಾಕ್ರಾ ಪ್ಯಾಕೆಟ್‌ಗೆ ಸಾಮಾನ್ಯವಾಗಿ ತಕರಾರಿಲ್ಲ.

ಊಟ ಸಿಗುತ್ತದೆ, ಕೇಳುವ ರೀತಿ ಗೊತ್ತಿದ್ದರೆ. ಬರೀ ‘ವೆಜಿಟೇರಿಯನ್’ ಎಂದರೆ ಮೊಟ್ಟೆ ಬರುತ್ತದೆ, ಸೂಪಿಗೆ ಕೋಳಿ ಬೇಯಿಸಿದ ನೀರು (ಸ್ಟಾಕ್) ಬರುತ್ತದೆ, ಮೂಸ್ ಎಂಬ ಸಿಹಿಯಲ್ಲಿ ಪ್ರಾಣಿಮೂಲದ ಜೆಲಾಟಿನ್ ಬರುತ್ತದೆ. ‘ಇಂಡಿಯನ್ ವೆಜಿಟೇರಿಯನ್, ಮೊಟ್ಟೆ ಇಲ್ಲ, ಮೀನು ಇಲ್ಲ, ಮಾಂಸದ ಸ್ಟಾಕ್ ಇಲ್ಲ, ಜೆಲಾಟಿನ್ ಇಲ್ಲ’ ಎಂದು ಬಿಡಿಸಿ ಹೇಳಿ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಬುಕಿಂಗ್ ಸಮಯದಲ್ಲೇ ಕಂಪನಿಗೆ ಬರೆದು ತಿಳಿಸಬೇಕು. ಹಡಗು ಹತ್ತಿದ ದಿನವೇ, ರಾತ್ರಿಯ ಊಟದ ಗದ್ದಲಕ್ಕೆ ಮುಂಚೆ, ಮುಖ್ಯ ಡೈನಿಂಗ್ ರೂಮಿನ ಹೆಡ್ ವೇಟರ್‌ನನ್ನು ಕಂಡು ಮಾತಾಡಿ, ಆಮೇಲೆ ಪ್ರತಿ ರಾತ್ರಿ ಮರುದಿನದ ಊಟ ಹೇಳಿಟ್ಟು ಬನ್ನಿ. ‘ಎನಿಟೈಮ್ ಡೈನಿಂಗ್’ ಆರಿಸಬೇಡಿ: ದಿನಕ್ಕೊಬ್ಬ ವೇಟರ್, ದಿನವೂ ಇದೇ ಪಾಠ. ನಿಗದಿತ ಸಮಯದ ಮೇಜು ತೆಗೆದುಕೊಂಡರೆ ಅದೇ ವೇಟರ್, ಮೂರನೇ ರಾತ್ರಿಗೆ ಕೇಳದೆಯೇ ಅನ್ನ ಮತ್ತು ಸಪ್ಪೆ ಮೊಸರು ತಂದಿಡುತ್ತಾನೆ. ಬಫೆಯಲ್ಲಿ ಚಿಮಟಗಳು ಪಾತ್ರೆಯಿಂದ ಪಾತ್ರೆಗೆ ಓಡಾಡುತ್ತವೆ; ಮಡಿಯವರು ಬಾಗಿಲು ತೆರೆದ ತಕ್ಷಣ ಹೋಗಿ. ಬಫೆಯ ಬಾಳೆಹಣ್ಣು, ಸೇಬನ್ನು ಚೀಲಕ್ಕೆ ಹಾಕಿಕೊಂಡು ದಡಕ್ಕೆ ಇಳಿಯಬೇಡಿ, ಕಸ್ಟಮ್ಸ್‌ನವರು ದಂಡ ಹಾಕಬಹುದು.

ಬಫೆಗೆ ಹೋಗುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ. ನೊರೊವೈರಸ್‌ಗೆ ಸ್ಯಾನಿಟೈಸರ್ ಸಾಲದು.

ಪ್ರಶ್ನೆ: ಸಮುದ್ರ ವಾಂತಿಗೆ ಅಯಸ್ಕಾಂತದ ಬಳೆ ಒಳ್ಳೆಯದೇ? — ಡಲ್ಲಾಸ್

ಮಾರುವವನಿಗೆ ಒಳ್ಳೆಯದು. ಸಿಯಾಟಲ್‌ನ ದೊಡ್ಡ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಗಿನಿಂದ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ, ಅಲುಗಾಟ ಆಗಲೇ. ಕೆಳಗಿನ ಡೆಕ್‌ನ ನಡುಭಾಗದ ಕ್ಯಾಬಿನ್ ತೆಗೆದುಕೊಳ್ಳಿ. ಮೆಕ್ಲಿಜಿನ್ ಮಾತ್ರೆಯನ್ನು ಹೊಟ್ಟೆ ತೊಳಸುವ ಮೊದಲೇ, ಒಂದು ಗಂಟೆ ಮುಂಚೆ ನುಂಗಬೇಕು. ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ವೈದ್ಯರನ್ನು ಕೇಳದೆ ಮಾತ್ರೆಯನ್ನೂ ಮುಟ್ಟಬೇಡಿ, ಕಿವಿಯ ಹಿಂದೆ ಅಂಟಿಸುವ ಔಷಧದ ಪ್ಯಾಚನ್ನೂ ಮುಟ್ಟಬೇಡಿ.

ಪ್ರಶ್ನೆ: ಅಪ್ಪ ಅಮ್ಮನ ವಿಸಿಟರ್ ಇನ್ಶೂರೆನ್ಸ್ ಹಡಗಿನಲ್ಲೂ ನಡೆಯುತ್ತದೆಯೇ? — ಅಟ್ಲಾಂಟಾ

ಪಾಲಿಸಿಯಲ್ಲಿ ಕ್ರೂಸ್, ಕೆನಡಾ, ತುರ್ತು ಸಾಗಣೆ ಎಂಬ ಮೂರೂ ಪದ ಇವೆಯೇ ನೋಡಿ. ಒಂದಿಲ್ಲದಿದ್ದರೂ ಬೇರೆ ಪಾಲಿಸಿ ಮಾಡಿಸಿ. ಹಡಗಿನ ಡಾಕ್ಟರ್ ಬಿಲ್ ನೇರ ನಿಮ್ಮ ಕಾರ್ಡಿಗೆ ಬೀಳುತ್ತದೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಕೈಚೀಲದಲ್ಲಿರಲಿ. ಪೋರ್ಟರ್‌ಗೆ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ತಲುಪುವಾಗ ರಾತ್ರಿಯಾಗಬಹುದು.

ಪ್ರಶ್ನೆ: ರಜೆ ಸಾಲದು. ಜೂನೋದಲ್ಲೇ ಇಳಿದು ವಿಮಾನ ಹತ್ತಬಹುದೇ? — ಬಾಸ್ಟನ್

ಇಲ್ಲ. ಅದೇ 1886ರ ಕಾನೂನು ಅಡ್ಡ ಬರುತ್ತದೆ, ದಂಡ ನಿಮ್ಮ ಬಿಲ್ಲಿಗೆ ಸೇರುತ್ತದೆ.

ಪ್ರಶ್ನೆ: ಸಿಯಾಟಲ್‌ಗೆ ಅದೇ ದಿನ ಬೆಳಿಗ್ಗೆ ವಿಮಾನದಲ್ಲಿ ಬಂದರೆ ಸಾಕೇ? — ಫೀನಿಕ್ಸ್

ಹಿಂದಿನ ದಿನ ಬನ್ನಿ. ಮತ್ತೆ, ಅಲ್ಲಿ ಕ್ರೂಸ್ ಬಂದರುಗಳು ಎರಡು, ಪಿಯರ್ 66 ಮತ್ತು ಪಿಯರ್ 91. ಟ್ಯಾಕ್ಸಿಯವನಿಗೆ ಹಡಗಿನ ಹೆಸರಲ್ಲ, ಪಿಯರ್ ನಂಬರ್ ಹೇಳಿ.