'ವಿಚ್' ಬಂದಾಗ 'ಇನ್' ಎಲ್ಲಿ ಹೋಯಿತು?

ನೀವು ಬದಿಯಡ್ಕದಿಂದ ಕೇಳಿದ್ದು 'ದಿ ಹೌಸ್ ವಿಚ್ ಐ ಲಿವ್' ಯಾಕೆ ತಪ್ಪು ಅಂತ, ಅಲ್ವಾ? ಕಾಸರಗೋಡಿನ ಕನ್ನಡ ಮೀಡಿಯಂನಲ್ಲಿ ಕಲಿತ ನಾನೂ ಹೀಗೇ ಬರೆಯುತ್ತಿದ್ದೆ.

ಕಾರಣ ನಮ್ಮ ಭಾಷೆಯಲ್ಲೇ ಇದೆ. 'ನಾನು ಮನೆಯಲ್ಲಿ ಇದ್ದೇನೆ' ಅನ್ನುವುದನ್ನು 'ನಾನು ಇರುವ ಮನೆ' ಅಂತ ತಿರುಗಿಸಿ ನೋಡಿ. ಆ 'ಅಲ್ಲಿ' ಮಾಯ! 'ನಾನು ಮಾತಾಡಿದ ಗೆಳೆಯ' ಅಂದಾಗಲೂ ಅಷ್ಟೇ, 'ಗೆಳೆಯನ ಹತ್ತಿರ' ಅನ್ನುವಲ್ಲಿನ 'ಹತ್ತಿರ' ಬಿದ್ದುಹೋಗುತ್ತದೆ. ನಾವು ದಿನಾ ಕೇಳುವ ಮಲಯಾಳದಲ್ಲೂ 'ಞಾನ್ ತಾಮಸಿಕ್ಕುನ್ನ ವೀಡ್' (ನಾನು ವಾಸಿಸುವ ಮನೆ) ಅಂದರೆ ಸಾಕು. ಇಂಗ್ಲಿಷ್ ಮಾತ್ರ ಅದನ್ನು ಬಿಟ್ಟುಕೊಡುವುದಿಲ್ಲ.

ಅದಕ್ಕೆ ವಾಕ್ಯವನ್ನು ಮೊದಲು ಎರಡಾಗಿ ಒಡೆಯಿರಿ. 'ದಿಸ್ ಈಸ್ ದಿ ಹೌಸ್. ಐ ಲಿವ್ ಇನ್ ದಿ ಹೌಸ್.' ಎರಡನೆಯದರಲ್ಲಿ 'ಇನ್' ಇದೆ ತಾನೇ? ಜೋಡಿಸಿದ ಮೇಲೂ ಅದು ಇರಲೇಬೇಕು. ಮಾತಿನಲ್ಲಿ 'ದಿ ಹೌಸ್ ಐ ಲಿವ್ ಇನ್' ಸಹಜ. ಅರ್ಜಿ, ಪ್ರಬಂಧಕ್ಕೆ 'ದಿ ಹೌಸ್ ಇನ್ ವಿಚ್ ಐ ಲಿವ್' ಚೆನ್ನ. ಒಂದೇ ವಾಕ್ಯದಲ್ಲಿ ಎರಡೂ ಕಡೆ 'ಇನ್' ಹಾಕಬೇಡಿ. 'ದಿ ಹೌಸ್ ವೇರ್ ಐ ಲಿವ್' ಅಂದರೆ 'ಇನ್' ಬೇಕಾಗಿಯೇ ಇಲ್ಲ.

'ಇನ್', 'ಟು' ಥರದ ಪ್ರೆಪೊಸಿಷನ್ ಹೀಗೆ ಮುಂದೆ ಬಂದರೆ ಅದರ ನಂತರ 'ದಟ್' ಬರುವುದಿಲ್ಲ. ವಸ್ತುವಿಗೆ 'ವಿಚ್', ಜನರಿಗೆ 'ಹೂಮ್': 'ದಿ ಫ್ರೆಂಡ್ ಟು ಹೂಮ್ ಐ ಸ್ಪೋಕ್'.

ವಾಕ್ಯದ ಕೊನೆಯಲ್ಲಿ ಪ್ರೆಪೊಸಿಷನ್ ಬರಲೇಬಾರದು ಅಂತ ಮೇಷ್ಟ್ರು ಹೇಳಿದ್ದರೆ ಹೆದರಬೇಡಿ. 1672ರಲ್ಲಿ ಕವಿ ಜಾನ್ ಡ್ರೈಡನ್ ಅದನ್ನು ತಪ್ಪೆಂದರು, ಆದರೆ ಇಂಗ್ಲಿಷರು ಹಾಗೆ ಮಾತಾಡುವುದನ್ನು ನಿಲ್ಲಿಸಲಿಲ್ಲ. 'ಲುಕ್ ಆಫ್ಟರ್' (ನೋಡಿಕೊಳ್ಳು) ಥರದ ಜೋಡಿಪದವನ್ನಂತೂ ಬೇರ್ಪಡಿಸಲೇ ಬೇಡಿ: 'ದಿ ಕೌ ಐ ಲುಕ್ ಆಫ್ಟರ್' ಅಂತಲೇ ಬರೆಯಿರಿ.